ಕೊಡಿಯಾಲ್‌ಬೈಲಿನಲ್ಲಿ ಒಬ್ಬ ಇಟಲಿಯ ಟೈಲರ್

ಆಯಿಲ್ ಪೇಂಟ್ ತಗೊಳ್ಳಿಕ್ಕೆ ಅಂಗಡಿಗೆ ಹೋದ್ರೆ ಟ್ಯೂಬುಗಳ ಸಾಲಲ್ಲಿ ಫ್ಲೆಶ್ ಟಿಂಟ್, ಅಂದ್ರೆ ಮೈಬಣ್ಣ, ಅಂತ ಒಂದು ಉಂಟು. ತೆಳು ಗುಲಾಬಿ, ಅದಕ್ಕೆ ಚೂರು ಹಳದಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತ್ರೂ ಆ ಬಣ್ಣದ ಒಬ್ಬ ಮನುಷ್ಯ ಕಾಣ್ಲಿಕ್ಕೆ ಸಿಗ್ಲಿಕ್ಕಿಲ್ಲ. ಇಟಲಿಗೆ ಹೋದ್ರೂ ಸಿಗ್ಲಿಕ್ಕಿಲ್ಲ ಅಂತ ನಾನೀಗ ಧೈರ್ಯದಲ್ಲಿ ಹೇಳ್ತೇನೆ, ಯಾಕಂದ್ರೆ ಕಳೆದ ಮಳೆಗಾಲದಿಂದ ನಮ್ಮ ಮನೆಯಲ್ಲಿ, ಹಳೇ ಪೇಂಟಿಂಗ್ ಒಂದರಲ್ಲಿರುವ ಒಬ್ಬ ಇಟಾಲಿಯನ್ನಿನ ಮುಖವನ್ನು ಇಂಚಿಂಚು ನೋಡ್ತಾ ಕೂತಿದ್ದೇನೆ. ಆ ಮುಖದಲ್ಲಿ ಗುಲಾಬಿ ಇರುವುದು ಕಿವಿ ತುದಿಯಲ್ಲಿ, ಮೂಗಿನ ಹತ್ತಿರ, ತುಟಿಯಲ್ಲಿ, ಅಷ್ಟೇ. ಬಾಕಿ ಎಲ್ಲ ಬೂದು. ಬೂದು ಅಂದ್ರೆ ನಂಬ್ಲಿಕ್ಕಿಲ್ಲ ನೀವು, ಆದ್ರೆ ಬೂದೇ.

ಪೋರ್ಟ್ರೇಟ್, ಅಂದ್ರೆ ವ್ಯಕ್ತಿಚಿತ್ರ, ಕಲೀಬೇಕು ಅಂತ ಹೋದಾಗ ನನಗೆ ಹೇಳಿಕೊಡುವ ಡ್ರಾಯಿಂಗ್ ಮಾಸ್ಟ್ರು (ರಿಟೈರ್ಡ್, ಹೆಸರು ಹಾಕ್ಬೇಡ ಅಂತ ಆರ್ಡರ್ ಉಂಟು) ಹೇಳಿದ್ದು ಒಂದೇ ಮಾತು, "ಮೊದ್ಲು ಹಳೇ ಕಾಲದವ ಒಬ್ಬನನ್ನು ಹಿಡಿದು ಕಾಪಿ ಮಾಡು ಮಾರಾಯ್ತಿ, ನಿನ್ನ ಸ್ವಂತದ್ದು ಎಲ್ಲಿಗೂ ಓಡಿ ಹೋಗುದಿಲ್ಲ." ಕಾಪಿ ಅಂದ ಕೂಡ್ಲೆ ನಮಗೆಲ್ಲ ಪರೀಕ್ಷೆ ಹಾಲ್ ನೆನಪಾಗ್ತದೆ, ಮನೆಯಲ್ಲಿ ಅಮ್ಮನಿಗೂ ಅಷ್ಟೇ, ಇಷ್ಟು ದುಡ್ಡು ಹಾಕಿ ಬಣ್ಣ ತಂದು ಬೇರೆಯವರ ಚಿತ್ರ ಯಾಕೆ ಮಾಡುದು, ನಮ್ಮ ತೋಟದ್ದೋ ತಣ್ಣೀರುಬಾವಿ ಬೀಚಿದ್ದೋ ಮಾಡ್ಬಾರ್ದಾ ಅಂತ. ನಾನು ರೂಬೆನ್ಸ್ ಎಂಬ ಹಳೇ ಕಾಲದ ಪೇಂಟರಿನ ಕತೆ ಹೇಳಿದೆ. 1628-29ರಲ್ಲಿ ಮ್ಯಾಡ್ರಿಡ್‌ಗೆ ಹೋಗಿದ್ದಾಗ ಆ ಮನುಷ್ಯನಿಗೆ ವಯಸ್ಸು ಐವತ್ತು ದಾಟಿತ್ತು, ಇಡೀ ಯುರೋಪಿನಲ್ಲಿ ದೊಡ್ಡ ಹೆಸರು, ಆದ್ರೂ ಅಲ್ಲಿ ಕೂತು ವೆನಿಸ್ಸಿನ ಪೇಂಟರ್ ಟಿಶಿಯನ್ ಮಾಡಿದ ಆದಂ ಮತ್ತು ಈವ್ ಚಿತ್ರವನ್ನು ಶಾಲೆ ಹುಡುಗನ ಹಾಗೆ ಕಾಪಿ ಮಾಡಿದ. ಸುಮ್ಮನಿರ್ಲಿಕ್ಕೆ ಆಗ್ಲಿಲ್ಲ ಅನ್ನಿ, ಒಂದು ಗಿಳಿಯನ್ನು ಸೇರಿಸಿಬಿಟ್ಟ. ಎರಡೂ ಚಿತ್ರ ಈಗ ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಮ್ಮಿನಲ್ಲಿ ಉಂಟು. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಈಗಲೂ ಪರ್ಮಿಶನ್ ತಗೊಂಡು ಈಸಲ್ ಇಟ್ಟು ಕಾಪಿ ಮಾಡ್ಬಹುದು, ಮೂಲದ ಅಳತೆಗೇ ಸರಿಯಾಗಿ ಮಾಡ್ಲಿಕ್ಕೆ ಮಾತ್ರ ಬಿಡುದಿಲ್ಲ. ಅಮ್ಮ ಎಲ್ಲ ಕೇಳಿ ಗಿಳಿಯಾದ್ರೂ ಹಾಕು ಅಂದ್ರು.

ನಮ್ಮ ರವಿವರ್ಮನಿಗೆ ಕಾಪಿ ಮಾಡುವ ಭಾಗ್ಯ ಕೂಡ ಸುಲಭಕ್ಕೆ ಸಿಕ್ಕಿದ್ದಲ್ಲ. 1868ರಲ್ಲಿ ಥಿಯೋಡರ್ ಜೆನ್ಸನ್ ಅಂತ ಒಬ್ಬ ಪೇಂಟರ್ ತಿರುವಾಂಕೂರು ಅರಮನೆಗೆ ಬಂದಿದ್ದ, ಅವನಿಗೆ ಹೇಳಿಕೊಡ್ಲಿಕ್ಕೆ ಮನಸ್ಸಿಲ್ಲ, ಕೆಲಸ ಮಾಡುವಾಗ ನೋಡ್ಲಿಕ್ಕೆ ಮಾತ್ರ ಬಿಟ್ಟ. ಈ ಹುಡುಗ ನೋಡಿ ನೋಡಿಯೇ ಎಣ್ಣೆಬಣ್ಣ ಎಲ್ಲಿ ಹೇಗೆ ಕೂರ್ತದೆ ಅಂತ ಹಿಡಿದುಕೊಂಡ. ಈಗ ನಮಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯವರ ಫೋಟೋವನ್ನು ಕ್ಯಾನ್ವಾಸಿನ ನೂಲು ಕಾಣುವಷ್ಟು ಝೂಮ್ ಮಾಡ್ಲಿಕ್ಕೆ ಆಗ್ತದೆ, ಕಲೀಲಿಲ್ಲ ಅಂತಾದ್ರೆ ದೂರು ಹೇಳ್ಲಿಕ್ಕೆ ಯಾರೂ ಇಲ್ಲ.

ಯಾರನ್ನು ಕಾಪಿ ಮಾಡುದು ಅನ್ನುವ ಪ್ರಶ್ನೆಗೆ ಉತ್ತರ ಬಾವುಟಗುಡ್ಡೆಯಲ್ಲಿ ಸಿಕ್ಕಿತು. ಅಲೋಶಿಯಸ್ ಚಾಪೆಲ್ ಒಳಗೆ ಹೋಗದ ಮಂಗಳೂರಿಗರು ಇರ್ಲಿಕ್ಕಿಲ್ಲ, ಆದ್ರೆ ನಾವು ನೋಡುದು ಮನೆಗೆ ನೆಂಟರು ಬಂದಾಗ, ಕುತ್ತಿಗೆ ಎತ್ತಿ ಒಂದು ಸುತ್ತು, ಮತ್ತೆ ಹೊರಗೆ ಬಂದು ಐಸ್‌ಕ್ರೀಮಿಗೆ ಹೋಗುದು. ಅಲ್ಲಿಯ ಗೋಡೆ, ಸೀಲಿಂಗ್ ಎಲ್ಲ ಚಿತ್ರದಿಂದ ತುಂಬಿಸಿದ್ದು ಆಂಟೋನಿಯೊ ಮೊಸ್ಕೇನಿ ಅಂತ ಒಬ್ಬ ಜೆಸ್ವಿಟ್ ಬ್ರದರ್, 1854ರಲ್ಲಿ ಇಟಲಿಯ ಬೆರ್ಗಾಮೊ ಪಟ್ಟಣದ ಹತ್ತಿರ ಸ್ಟೆಝಾನೊ ಎಂಬ ಊರಲ್ಲಿ ಹುಟ್ಟಿದವ. ಗೋಡೆಯಲ್ಲಿ ಫ್ರೆಸ್ಕೊ (ಹಸಿ ಗಾರೆಯ ಮೇಲೆ ಬರೆಯುವ ಚಿತ್ರ), ಮೇಲೆ ಕ್ಯಾನ್ವಾಸಿನಲ್ಲಿ ಎಣ್ಣೆಬಣ್ಣ. 1898ರಲ್ಲಿ ಇಲ್ಲಿಗೆ ಬಂದು ಕೆಲವೇ ವರ್ಷದಲ್ಲಿ ಅಷ್ಟು ದೊಡ್ಡ ಕೆಲಸ ಮುಗಿಸಿದ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಅವ ಕಲಿತದ್ದು ಬೆರ್ಗಾಮೊದ ಅಕಾಡೆಮಿಯಾ ಕರಾರಾದಲ್ಲಿ. ಆ ಕರಾರಾದ ಸಂಗ್ರಹದಲ್ಲಿ ಬೆರ್ಗಾಮೊ ಕಡೆಯವನೇ ಆದ ಜೊವಾನಿ ಬತ್ತಿಸ್ತಾ ಮೊರೋನಿಯ ಪೋರ್ಟ್ರೇಟುಗಳಿವೆ. ಅಲ್ಲಿ ಓದಿದ ಹುಡುಗ ತನ್ನ ಊರಿನ ಹಳೇ ಮಾಸ್ಟರನ್ನು ನೋಡದೆ ಇರ್ಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಹಾಗೆ ನೋಡಿದ್ರೆ ಮೊರೋನಿ ನಮಗೆ ಬಾವುಟಗುಡ್ಡೆ ದಾರಿಯಿಂದ ದೂರದ ಸಂಬಂಧ.

ಮೊರೋನಿ 1520ರ ದಶಕದಲ್ಲಿ ಅಲ್ಬಿನೊ ಅನ್ನುವ ಸಣ್ಣ ಊರಲ್ಲಿ ಹುಟ್ಟಿದ, ಬ್ರೆಶಾ ಊರಿನ ಪೇಂಟರ್ ಮೊರೆತ್ತೊ ಹತ್ತಿರ ಕಲಿತ, ಬದುಕಿನ ಹೆಚ್ಚಿನ ಪಾಲು ಆ ಸುತ್ತಿನಲ್ಲೇ ಕಳೆದ. ವೆನಿಸ್, ರೋಮ್ ಅಂತ ದೊಡ್ಡ ಊರಿಗೆ ಹೋಗಿ ಹೆಸರು ಮಾಡಿದವ ಅಲ್ಲ. ಬರ್ನಾರ್ಡ್ ಬೆರೆನ್ಸನ್ ಎಂಬ ದೊಡ್ಡ ವಿಮರ್ಶಕ ಇವನನ್ನು ಬರೀ ಪೋರ್ಟ್ರೇಟ್ ಪೇಂಟರ್ ಅಂತ ಬದಿಗೆ ತಳ್ಳಿಬಿಟ್ಟ, ಎದುರು ಇದ್ದದ್ದನ್ನು ಬಿಟ್ಟು ಬೇರೇನೂ ಕಲ್ಪನೆ ಮಾಡದವ ಅನ್ನುವ ಅರ್ಥದಲ್ಲಿ. ಕಲಿಯುವವರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ದೇವದೂತರು, ಮೋಡ, ರೆಕ್ಕೆ ಯಾವುದೂ ಬೇಡ ನನಗೆ, ಎದುರು ಕೂತವರ ಮೂಗು ಮೂಗಿನ ಹಾಗೆ ಬಂದ್ರೆ ಸಾಕು.

ನಾನು ಆರಿಸಿದ್ದು ಅವನ ಟೈಲರ್. 1565-70ರ ಹೊತ್ತಿನ ಚಿತ್ರ, ಒಂದು ಮೀಟರಿನಷ್ಟು ಎತ್ತರ, ಮುಕ್ಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ, 1862ರಿಂದ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಉಂಟು. ಒಬ್ಬ ಯುವಕ ಮೇಜಿನ ಹಿಂದೆ ನಿಂತಿದ್ದಾನೆ, ಒಂದು ಕೈಯಲ್ಲಿ ದೊಡ್ಡ ಕತ್ತರಿ, ಇನ್ನೊಂದು ಕೈ ಕಪ್ಪು ಬಟ್ಟೆ ಮೇಲೆ, ಬಟ್ಟೆಯಲ್ಲಿ ಚಾಕಿನ ಗೆರೆ. ಕೆನೆಬಣ್ಣದ ಕೋಟಿನಂಥದ್ದು ಹಾಕಿದ್ದಾನೆ, ಅದರ ಮೇಲೆಲ್ಲ ಸಣ್ಣ ಸಣ್ಣ ಕೊಯ್ದ ಗೆರೆಗಳು, ಆ ಕಾಲದ ಫ್ಯಾಶನ್. ಕೆಳಗೆ ಉಬ್ಬಿದ ಕೆಂಪು ಚಡ್ಡಿ. ಕುತ್ತಿಗೆ ಹತ್ತಿರ, ಮಣಿಕಟ್ಟಿನ ಹತ್ತಿರ ಬಿಳಿ ನೆರಿಗೆ. ಕೆಲಸದ ಮಧ್ಯೆ ತಲೆ ಎತ್ತಿ ನಿಮ್ಮನ್ನು ನೋಡ್ತಾನೆ, ಏನು ಬೇಕಿತ್ತು ಅಂತ ಕೇಳುವ ಹಾಗೆ. ಆ ಕಾಲದಲ್ಲಿ ಪೋರ್ಟ್ರೇಟ್ ಅಂದ್ರೆ ಡ್ಯೂಕ್, ಕಾರ್ಡಿನಲ್, ಸಾಹುಕಾರ. ದುಡಿಯುವವ ತನ್ನ ಹತಾರ ಹಿಡಿದುಕೊಂಡೇ ಅಷ್ಟು ಗತ್ತಿನಲ್ಲಿ ನಿಂತದ್ದು ಬಹಳ ಅಪರೂಪ.

ಈಗ ಬೂದಿನ ವಿಷಯಕ್ಕೆ ಬರ್ತೇನೆ. ಬಿಳಿ ಕ್ಯಾನ್ವಾಸ್ ಮೇಲೆ ಮುಖ ಶುರು ಮಾಡಿದ್ರೆ ಎಂತ ಬಣ್ಣ ಹಾಕಿದ್ರೂ ಕಪ್ಪಾಗಿಯೇ ಕಾಣ್ತದೆ, ಕಣ್ಣಿಗೆ ಹೋಲಿಸ್ಲಿಕ್ಕೆ ಆ ಬಿಳಿ ಬಿಟ್ಟು ಬೇರೇನೂ ಇಲ್ಲ. ಹಾಗಾಗಿ ಮೊದ್ಲು ಇಡೀ ಕ್ಯಾನ್ವಾಸಿಗೆ ಬೂದುಗಂದು ಒಂದು ತೆಳು ಕೋಟ್ ಹೊಡೆದು ಒಣಗ್ಲಿಕ್ಕೆ ಬಿಡ್ಬೇಕು. ಅದು ಮಧ್ಯಮ ಟೋನ್. ಅದಕ್ಕಿಂತ ಬೆಳಕಿದ್ದದ್ದು ಮೇಲೆ, ಕತ್ತಲಿದ್ದದ್ದು ಕೆಳಗೆ, ಎರಡೂ ಕಡೆ ಅಲ್ಲಿಂದಲೇ ಅಳೆಯುದು. ಯಕ್ಷಗಾನದಲ್ಲಿ ಶ್ರುತಿಪೆಟ್ಟಿಗೆ ಇದ್ದ ಹಾಗೆ, ಅದನ್ನು ಕೇಳ್ಲಿಕ್ಕೆ ಅಂತ ಯಾರೂ ಆಟಕ್ಕೆ ಹೋಗುದಿಲ್ಲ, ಆದ್ರೆ ಅದು ನಿಂತ್ರೆ ಭಾಗವತರು ಎಲ್ಲಿಂದ ಎತ್ತಿಕೊಳ್ಳುದು?

ಮಾಸ್ಟ್ರು ನನಗೆ ಕೊಟ್ಟದ್ದು ನಾಲ್ಕೇ ಬಣ್ಣ, ಬಿಳಿ, ಯೆಲ್ಲೊ ಓಕರ್ (ಮಣ್ಣಿನಂಥ ಹಳದಿ), ಒಂದು ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು. ಸ್ವೀಡನ್ನಿನ ಪೇಂಟರ್ ಆಂಡರ್ಸ್ ಜೋರ್ನ್ ಹೆಸರಲ್ಲಿ ಪ್ರಸಿದ್ಧವಾದ ಪ್ಯಾಲೆಟ್ ಇದು, ಮೊರೋನಿಯದ್ದಲ್ಲ, ಆದ್ರೆ ಕಲೀಲಿಕ್ಕೆ ಸಾಕು. ನೀಲಿ ಇಲ್ಲ ಮಾರಾಯ್ರೆ! ಗಡ್ಡದ ಕೆಳಗೆ, ಕಣ್ಣಿನ ಸುತ್ತ, ಹಣೆ ಬದಿಯಲ್ಲಿ ತಣ್ಣಗೆ ನೀಲಿ ಕಾಣ್ತದಲ್ಲ, ಅದು ಎಲ್ಲಿಂದ ಅಂತ ಕೇಳಿದೆ. ಐವರಿ ಬ್ಲ್ಯಾಕಿಗೆ ಬಿಳಿ ಸೇರಿಸಿ ಬರುವ ಬೂದನ್ನು ಓಕರಿನ ಪಕ್ಕ ಇಡು ಅಂದ್ರು. ಇಟ್ಟೆ. ನೀಲಿಯೇ. ಟ್ಯೂಬಿಗೆ ಮೂಗು ತಾಗಿಸಿ ನೋಡಿದ್ರೂ ಕಪ್ಪು, ಆದ್ರೆ ಮುಖದ ಮೇಲೆ ಹಾಕಿದ್ರೆ ನೀಲಿ. ಅದೇ ಕಪ್ಪಿಗೆ ಓಕರ್ ಬೆರೆಸಿದ್ರೆ ಹಸಿರು, ನೆರಳಿನ ಬದಿಯಲ್ಲಿ ದವಡೆಗೆ ಸರಿಯಾಗಿ ಬೇಕಾಗುವ ಹಸಿರು. ಬಣ್ಣ ಅನ್ನುದು ಪಕ್ಕದಲ್ಲಿ ಯಾರಿದ್ದಾರೆ ಅನ್ನುದರ ಮೇಲೆ ನಿಂತಿರ್ತದೆ, ಇದನ್ನು ಎಷ್ಟೋ ಕಡೆ ಓದಿದ್ದೆ, ಆದ್ರೆ ಓದಿದ್ದು ಕೈಗೆ ಬರ್ಲಿಕ್ಕೆ ಒಂದು ಗಲ್ಲ ಪೂರ್ತಿ ಬೇಕಾಯ್ತು.

ಮೊರೋನಿ ತನ್ನ ಟೈಲರಿನ ಹಿಂದೆ ಇಟ್ಟದ್ದೂ ಬೂದು ಗೋಡೆ, ಬರೀ ಬೂದು, ಒಂದು ಕಿಟಕಿ ಇಲ್ಲ, ಪರದೆ ಇಲ್ಲ. ಆ ಗೋಡೆಯೇ ಮುಖವನ್ನು ಬೆಚ್ಚಗೆ ಕಾಣಿಸುದು. ಗಲ್ಲಕ್ಕೆ ಕೆಂಪು ಜಾಸ್ತಿ ಹಾಕುವ ಬದಲು ಹಿಂದಿನದ್ದನ್ನು ತಣ್ಣಗೆ ಇಟ್ಟ, ಕೆಲಸ ಮುಗೀತು. ನನ್ನ ಕಾಪಿಯಲ್ಲಿ ಮುಖ ಸತ್ತ ಹಾಗೆ ಕಂಡಾಗೆಲ್ಲ ಈಗ ನಾನು ಗೋಡೆಯನ್ನು ಸರಿ ಮಾಡ್ತೇನೆ, ಮುಖ ತಾನಾಗಿ ಎದ್ದು ಕೂರ್ತದೆ.

ಬಿಳಿಯ ವಿಷಯದಲ್ಲಿ ಮಾತ್ರ ಅವನ ಹತ್ತಿರ ಹೋಗ್ಲಿಕ್ಕೆ ಆಗುದಿಲ್ಲ. ಅವನದ್ದು ಲೆಡ್ ವೈಟ್, ಸೀಸದ ಬಿಳಿ, ಸ್ವಲ್ಪ ಬೆಚ್ಚಗಿನ ಬಿಳಿ, ಬೇಗ ಒಣಗ್ತದೆ, ಆದ್ರೆ ವಿಷ. ನಮ್ಮದು ಟೈಟಾನಿಯಂ, 20ನೇ ಶತಮಾನದ್ದು, ವಿಷ ಇಲ್ಲ, ಆದ್ರೆ ಏನು ಮುಟ್ಟಿದ್ರೂ ತಣ್ಣಗೆ ಸುಣ್ಣ ಬಳಿದ ಹಾಗೆ ಮಾಡಿಬಿಡ್ತದೆ, ಹಾಗಾಗಿ ಪ್ರತಿ ಸಲ ಚೂರು ಓಕರ್ ಬೆರೆಸದೆ ಕ್ಯಾನ್ವಾಸಿಗೆ ಬಿಡ್ಬಾರ್ದು.

ಮಳೆ. ಇದರ ಬಗ್ಗೆ ಯುರೋಪಿನವರು ಬರೆದ ಪುಸ್ತಕದಲ್ಲಿ ಎಂತದ್ದೂ ಸಿಗುದಿಲ್ಲ. ಎಣ್ಣೆಬಣ್ಣ ಒಣಗುದು ಅಂದ್ರೆ ಬಟ್ಟೆ ಒಣಗಿದ ಹಾಗಲ್ಲ, ನೀರು ಆರುವ ಲೆಕ್ಕ ಅಲ್ಲಿಲ್ಲ, ಬಣ್ಣದಲ್ಲಿರುವ ಅಗಸೆ ಎಣ್ಣೆ (ಲಿನ್ಸೀಡ್) ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುದು. ಎಲ್ಲ ಎಣ್ಣೆಗೂ ಆ ಗುಣ ಇಲ್ಲ. ಪಕ್ಕದ ಮನೆ ಅಜ್ಜಿ ಒಂದು ದಿನ ಬಂದವರು ಲಿನ್ಸೀಡ್ ಬಾಟ್ಲಿಯ ರೇಟು ಕೇಳಿ, ಮನೆಯಲ್ಲಿ ಇಷ್ಟು ತೆಂಗಿನೆಣ್ಣೆ ಇರುವಾಗ ಇದೆಂತಕ್ಕೆ ಅಂದ್ರು. ಅಜ್ಜಿ, ತೆಂಗಿನೆಣ್ಣೆಯಲ್ಲಿ ಬಣ್ಣ ಕಲಸಿದ್ರೆ ನಿಮ್ಮ ಮೊಮ್ಮಗನ ಮದುವೆಗೂ ಒಣಗುದಿಲ್ಲ ಅಂದೆ. (ಮೊಮ್ಮಗ ಇನ್ನೂ ಅಂಗನವಾಡಿ.) ಆಟಿ ತಿಂಗಳ ಜೋರು ಮಳೆಯಲ್ಲಿ ತಂಪಿಗೆ, ತೇವಕ್ಕೆ ಪ್ರತಿ ಪದರವೂ ಲೇಟು. ಅಂಬರ್ ಎಂಬ ಕಂದು ಬಣ್ಣ ಆಗಿದ್ರೆ ಪರ್ವಾಗಿಲ್ಲ, ಅದರಲ್ಲಿ ಮ್ಯಾಂಗನೀಸ್ ಇರುವ ಕಾರಣ ಬೇಗ ಒಣಗ್ತದೆ, ಐವರಿ ಬ್ಲ್ಯಾಕ್ ಮಾತ್ರ ಬೆರಳು ಇಟ್ರೆ ವಾರ ಕಳೆದ್ರೂ ಅಂಟುದು. ಮತ್ತೆ ಕ್ಯಾನ್ವಾಸಿನ ಹಿಂಬದಿಗೆ ಬೂಸ್ಟು. ಗೋಡೆಗೆ ತಾಗಿಸಿ ಇಟ್ರೆ ಗ್ಯಾರಂಟಿ, ಹಾಗಾಗಿ ನಡು ಕೋಣೆಯಲ್ಲಿ ಫ್ಯಾನಿನ ಕೆಳಗೆ, ಎಲ್ಲರೂ ಎಡವುವ ಜಾಗದಲ್ಲಿ ನನ್ನ ಈಸಲ್.

ವೆನಿಸ್ಸಿನವರದ್ದೂ ಇದೇ ಕಷ್ಟ ಅಂತ ಓದಿ ಸಮಾಧಾನ ಆಯ್ತು. ಸಮುದ್ರದ ತೇವ, ಉಪ್ಪುಗಾಳಿಗೆ ಗೋಡೆಯ ಮೇಲಿನ ಫ್ರೆಸ್ಕೊ ಬಾಳುದಿಲ್ಲ ಅಂತಲೇ ಅವರು ಬೇರೆಯವರಿಗಿಂತ ಮೊದಲು ಕ್ಯಾನ್ವಾಸಿನ ಕಡೆ ತಿರುಗಿದ್ದು, ಹಡಗಿನ ಊರು, ಹಾಯಿಬಟ್ಟೆಗೆ ಬರಗಾಲ ಇಲ್ಲ. ಮೊರೋನಿಯ ಕಾಲದಲ್ಲಿ ಬೆರ್ಗಾಮೊ ವೆನಿಸ್ ಗಣರಾಜ್ಯದ ಕೈಕೆಳಗೇ ಇತ್ತು. ಅಂಥ ಕಡೆಯಿಂದ ಬಂದ ಮೊಸ್ಕೇನಿ ನಮ್ಮ ಮಂಗಳೂರಿನ ಮಳೆಯಲ್ಲಿ ಗೋಡೆಗೆ ಫ್ರೆಸ್ಕೊ ಮಾಡಿದ ಅಂದ್ರೆ ಧೈರ್ಯ ನೋಡಿ. 1990ರ ದಶಕದಲ್ಲಿ ಅದನ್ನೆಲ್ಲ ರೆಸ್ಟೋರ್ ಮಾಡ್ಬೇಕಾಯ್ತು.

ಒಂದು ಪದರದ ಮೇಲೆ ಇನ್ನೊಂದು ಹಾಕುವಾಗ ಕೆಳಗಿನದ್ದಕ್ಕೆ ಎಣ್ಣೆ ಕಮ್ಮಿ, ಮೇಲಿನದ್ದಕ್ಕೆ ಜಾಸ್ತಿ, ಇದು ನಿಯಮ. ಉಲ್ಟಾ ಆದ್ರೆ ಮೇಲಿನದ್ದು ಮೊದ್ಲು ಗಟ್ಟಿಯಾಗಿ ಕೆಳಗಿನದ್ದು ಅಲುಗಾಡಿ ಬಿರುಕು ಬಿಡ್ತದೆ. ಇನ್ನೊಂದು ಹೇಳ್ಲೇಬೇಕು, ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡ್ಬೇಡಿ. ಎಣ್ಣೆ ಗಾಳಿ ಹೀರುವಾಗ ಬಿಸಿ ಹುಟ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗ್ಲಿಕ್ಕಾಗದೆ ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹಾಕಿ.

ಮುಖ ಒಂದು ಹದಕ್ಕೆ ಬಂದ ಮೇಲೆ ಕೈ. ಕತ್ತರಿ ಹಿಡಿದ ಆ ಕೈ ಎಷ್ಟು ನೋಡಿದ್ರೂ ನನಗೆ ಅರ್ಥ ಆಗುತ್ತಿರಲಿಲ್ಲ, ಗೆರೆ ಎಲ್ಲ ಸರಿ, ಆದ್ರೆ ಕೈಗೆ ಜೀವ ಇಲ್ಲ. ಕೊನೆಗೆ ಫೋನ್ ತಗೊಂಡು ರಥಬೀದಿ ಹತ್ತಿರ ನಾವು ಯಾವಾಗಲೂ ಬ್ಲೌಸ್ ಹೊಲಿಸುವ ಟೈಲರಣ್ಣನ ಅಂಗಡಿಗೆ ಹೋದೆ. ಅವರು ಕನ್ನಡಕ ಹಣೆ ಮೇಲಿಂದ ಇಳಿಸಿ ನೋಡಿದ್ರು. "ಇಂಬೆ ಏರ್?" (ಇವ ಯಾರು?) ಅಂತ ತುಳುವಿನಲ್ಲಿ ಮೊದಲ ಪ್ರಶ್ನೆ. ಇಟಲಿಯ ಟೈಲರ್, ನಾನೂರೈವತ್ತು ವರ್ಷ ಆಯ್ತು ಅಂದೆ. ಝೂಮ್ ಮಾಡಿ ಮಾಡಿ ನೋಡಿ ಹೇಳಿದ್ರು, "ಇವ ಕಟ್ಟಿಂಗ್ ಶುರು ಮಾಡ್ಲಿಲ್ಲ. ಮಾರ್ಕಿಂಗ್ ಆಗಿದೆ, ಕತ್ತರಿ ತೆಗೆದಿದ್ದಾನೆ, ಆಗ ಗಿರಾಕಿ ಬಂದದ್ದು. ಕಟ್ ಮಾಡುವಾಗ ಕತ್ತರಿಯ ಕೆಳಗಿನ ಬಾಯಿ ಮೇಜಿಗೆ ತಾಗಿಯೇ ಹೋಗ್ಬೇಕು, ತೂಕ ಎಲ್ಲ ಮೇಜು ಹೊರ್ತದೆ. ಇವನದ್ದು ಎತ್ತಿ ಹಿಡಿದದ್ದು, ತೂಕ ಪೂರ್ತಿ ಮಣಿಕಟ್ಟಿಗೆ." ಹಾಗೆ ಹೇಳಿ ತಮ್ಮ ದೊಡ್ಡ ಕತ್ತರಿಯನ್ನು ನನ್ನ ಕೈಗೆ ಕೊಟ್ಟು ಎತ್ತಿ ಹಿಡೀಲಿಕ್ಕೆ ಹೇಳಿದ್ರು. ಕಬ್ಬಿಣದ ತುಂಡು ಮಾರಾಯ್ರೆ ಅದು, ಸ್ವಲ್ಪ ಹೊತ್ತಿಗೇ ಹೆಬ್ಬೆರಳಿನ ಬುಡದಲ್ಲಿ ಸ್ನಾಯು ಎದ್ದು ನಿಂತಿತು. ಮೊರೋನಿ ಅಲ್ಲಿ ಒಂದು ಸಣ್ಣ ಬೆಳಕು ಇಟ್ಟದ್ದು ಯಾಕೆ ಅಂತ ಆಗ ಗೊತ್ತಾಯ್ತು.

ಟೈಲರಣ್ಣ ಅಷ್ಟಕ್ಕೆ ಬಿಡ್ಲಿಲ್ಲ. ಬೆರಳಿಗೆ ಕೆಂಪು ಹರಳಿನ ಚಿನ್ನದ ಉಂಗುರ ಉಂಟಲ್ಲ, ಅದನ್ನು ತೋರಿಸಿ, "ಇದು ಫೋಟೋಕ್ಕೆ ಅಂತ ಹಾಕಿದ್ದು. ಕೆಲಸ ಮಾಡುವಾಗ ಹರಳಿನ ಉಂಗುರ ಯಾರೂ ಹಾಕುದಿಲ್ಲ, ಬಟ್ಟೆಯ ನೂಲು ಎಳೀತದೆ" ಅಂದ್ರು. ಈ ಮನುಷ್ಯ ನಿಜಕ್ಕೂ ಟೈಲರೋ, ಬಟ್ಟೆ ವ್ಯಾಪಾರಿಯೋ ಅಂತ ವಿದ್ವಾಂಸರ ಮಧ್ಯೆ ಚರ್ಚೆ ಉಂಟು, ಉಂಗುರ, ಸೊಂಟದಲ್ಲಿರುವ ಕತ್ತಿ ಸಿಕ್ಕಿಸುವ ಬೆಲ್ಟು ಎಲ್ಲ ನೋಡಿ. ಅದನ್ನು ಹೇಳಿದಾಗ ಅವರಿಗೆ ಸಿಟ್ಟೇ ಬಂತು. ಚಾಕಿನ ಗೆರೆ ಹಾಕ್ಲಿಕ್ಕೆ ಗೊತ್ತಿರುವವ ಟೈಲರೇ, ಟೈಲರಿಗೆ ಒಂದು ಉಂಗುರ ಇರ್ಬಾರ್ದಾ, ಸ್ಟುಡಿಯೋಕ್ಕೆ ಹೋಗುವಾಗ ನಾವೆಲ್ಲ ಒಳ್ಳೇದು ಹಾಕುದಿಲ್ವಾ ಅಂತ. ನನಗೆ ವಿದ್ವಾಂಸರಿಗಿಂತ ಈ ವಾದ ಜಾಸ್ತಿ ಹಿಡಿಸಿತು. ಕ್ಯಾಮರಾ ಎದುರು ಸಹಜವಾಗಿ ಇದ್ದ ಹಾಗೆ ಕಾಣ್ಲಿಕ್ಕೆ ಎಷ್ಟು ತಯಾರಿ ಬೇಕು ಅಂತ ಈಗಿನ ನಮಗೆ ಬೇರೆ ಯಾರೂ ಹೇಳ್ಬೇಕಾಗಿಲ್ಲ. ಟೈಲರ್ ಕೆಲಸದ ನಡುವೆ ಹಠಾತ್ತಾಗಿ ತಲೆ ಎತ್ತಿದ ಕ್ಷಣ ಅಂತ ನಾವು ಅಂದುಕೊಳ್ಳುವ ಈ ಚಿತ್ರಕ್ಕೆ ಆ ಮನುಷ್ಯ ಉಂಗುರ ಹಾಕಿ, ಕತ್ತರಿ ಎತ್ತಿ, ಕೈ ಸೋಲುವವರೆಗೆ ಮೊರೋನಿಯ ಎದುರು ನಿಂತಿರ್ಬೇಕು.

ಕಣ್ಣಿನ ಬಗ್ಗೆ ಜಾಸ್ತಿ ಹೇಳುದಿಲ್ಲ. ಕಣ್ಣಿನ ಬಿಳಿ ಬಿಳಿ ಅಲ್ಲ, ರೆಪ್ಪೆಯ ನೆರಳು ಬಿದ್ದ ಬೂದು, ಅದಕ್ಕೆ ನಿಜವಾದ ಬಿಳಿ ಹಾಕಿದ್ರೆ ಮುಖ ಹೆದರಿದ ಹಾಗೆ ಆಗ್ತದೆ. ಮತ್ತೆ ಚಿತ್ರವನ್ನು ಕನ್ನಡಿಯಲ್ಲಿ ನೋಡು ಅಂತ ಲಿಯೊನಾರ್ಡೊ ಬರೆದಿಟ್ಟಿದ್ದಾನೆ, ತಿರುಗುಮುರುಗಾಗಿ ಕಂಡಾಗ ಬೇರೆಯವರ ಕೆಲಸ ನೋಡಿದ ಹಾಗೆ ತಪ್ಪು ಎದ್ದು ಕಾಣ್ತದೆ ಅಂತ. ನಮ್ಮ ಮನೆಯ ಗೋದ್ರೆಜ್ ಕಪಾಟಿನ ಕನ್ನಡಿ ಆ ಕೆಲಸಕ್ಕೆ ಬೆಸ್ಟ್.

ಈಗ ನನ್ನ ಮುಂದಿರುವ ಪ್ರಶ್ನೆ ಬೇರೆ. ಈ ನಾಲ್ಕು ಬಣ್ಣದ ಲೆಕ್ಕ ಇಟಲಿಯ ಮುಖಕ್ಕೆ ಸರಿ ಹೋಯ್ತು, ಅದನ್ನೇ ತಂದು ಅಮ್ಮನ ಮುಖಕ್ಕೆ ಹಾಕಿದ್ರೆ? ಕಂದು ಚರ್ಮದ ಮೇಲೆ ಬೆಳಕು ಬೇರೆ ಥರ ಬೀಳ್ತದೆ. ಬಿಳಿ ಸೇರಿಸಿ ತಿಳಿ ಮಾಡ್ತಾ ಹೋದ್ರೆ ಬೂದಿ ಮೆತ್ತಿದ ಹಾಗಾಗ್ತದೆ, ಓಕರಿನಿಂದ ಮತ್ತು ಕೆಂಪಿನಿಂದ ಮೇಲೆ ಏರ್ಬೇಕು, ಬಿಳಿ ಕೊನೆಗೆ, ಅದೂ ಹಣೆಯಲ್ಲಿ, ಮೂಗಿನ ಮೇಲೆ ಬೆವರು ಹೊಳೆಯುವಲ್ಲಿ ಮಾತ್ರ. ಆ ಹೊಳಪು ನಮ್ಮಲ್ಲಿ ತಣ್ಣಗೆ, ನೀಲಿ ಕಡೆಗೆ, ಬಾಗಿಲಿನಿಂದ ಬರುವ ಆಕಾಶದ ಬೆಳಕು ಅದು. ನೆರಳು ಮಾತ್ರ ಬೆಚ್ಚಗೆ, ಬರ್ನ್ಟ್ ಸಿಯೆನ್ನಾ ಎಂಬ ಕೆಂಪುಗಂದು ಇಲ್ಲದೆ ಆಗುದಿಲ್ಲ, ಅಲ್ಲಿಗೆ ಐದನೇ ಟ್ಯೂಬ್ ಬಂತು. ರವಿವರ್ಮನ ಹೆಂಗಸರು ಅಷ್ಟು ಬೆಳ್ಳಗೆ ಯಾಕೆ ಅಂತ ಮೊದಲೆಲ್ಲ ಸಿಟ್ಟು ಬರ್ತಿತ್ತು, ಈಗಲೂ ಬರ್ತದೆ, ಆದ್ರೆ ಎಣ್ಣೆಬಣ್ಣದ ಜೊತೆಗೆ ಬಂದ ಲೆಕ್ಕವೇ ಬೆಳ್ಳಗಿನ ಮುಖದ್ದು ಅನ್ನುದೂ ಅದರಲ್ಲಿ ಒಂದು ಪಾಲು ಇರ್ಬಹುದು ಅಂತ ಕಾಣ್ತದೆ. ಇಲ್ಲೇ ಉಡುಪಿ ಹತ್ತಿರ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಪೇಂಟರ್ ಕೆ.ಕೆ. ಹೆಬ್ಬಾರರು ಬೊಂಬಾಯಿಯ ಜೆ.ಜೆ. ಆರ್ಟ್ ಸ್ಕೂಲಿನಲ್ಲಿ ಕಲಿತು, ಪ್ಯಾರಿಸ್ಸಿಗೂ ಹೋಗಿ ಬಂದು ತಮ್ಮದೇ ದಾರಿ ಮಾಡಿಕೊಂಡವರು. ಅಷ್ಟು ದೂರ ನಾನು ಹೋಗುವ ಜನ ಅಲ್ಲ. ಮೊರೋನಿ ಬೂದನ್ನು ಎಲ್ಲಿ ಇಟ್ಟ ಅಂತ ಗೊತ್ತಾಗಿದೆ, ನಮ್ಮ ಮುಖದಲ್ಲಿ ಅದು ಎಲ್ಲಿ ಉಂಟು ಅಂತ ಹುಡುಕ್ಬೇಕು, ಅಷ್ಟೇ.

ಅಮ್ಮ ಕೂರ್ಲಿಕ್ಕೆ ಒಪ್ಲಿಲ್ಲ, ಗ್ಯಾಸಲ್ಲಿ ಕುಚ್ಚಲಕ್ಕಿ ಇಟ್ಟು ಬಂದಿದ್ದೇನೆ ಅಂತ ಹತ್ತು ಸಲ ಏಳ್ತಾರೆ. ಟೈಲರಣ್ಣ ಒಪ್ಪಿದ್ರು. ಮದುವೆ ಸೀಸನ್ ಕಳೆದು ಅಂಗಡಿ ಸ್ವಲ್ಪ ಖಾಲಿಯಾದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ, ಕಟ್ಟಿಂಗ್ ಮೇಜಿನ ಹಿಂದೆ. ಉಂಗುರ ಮನೆಯಿಂದ ತರ್ತಾರಂತೆ. ಒಂದೇ ಕಂಡೀಶನ್, ತಲೆಕೂದಲು ಈಗ ಇದ್ದ ಹಾಗೆ ಬೇಡ, ಪೂರ್ತಿ ಕಪ್ಪು ಮಾಡ್ಬೇಕು. ಕಪ್ಪು ಬಣ್ಣ ಒಣಗ್ಲಿಕ್ಕೆ ಬಹಳ ದಿನ ಹಿಡೀತದೆ ಅಣ್ಣ ಅಂದೆ. "ಒಣಗ್ಲಿ ಅಕ್ಕ, ನಾನೆಲ್ಲಿಗೂ ಹೋಗುದಿಲ್ಲ" ಅಂದ್ರು, ಮತ್ತೆ ನನ್ನ ಬ್ಲೌಸ್ ಇನ್ನೂ ಆಗ್ಲಿಲ್ಲ ಅಂತಲೂ ಹೇಳಿದ್ರು.